ಬುಧವಾರದ ಎಣಿಕೆ

ಫೈಲಿನ ಕೊನೆಯ ಹಾಳೆಯಲ್ಲಿ ಸಂಗಮೇಶ್ ಬರೆದದ್ದು ಒಂದೇ ಸಾಲು, ಅದೂ ಪೆನ್ಸಿಲ್ಲಿನಲ್ಲಿ: 'ಹಿಂದಿನ ಎಣಿಕೆಯನ್ನೇ ಆಧಾರವಾಗಿಟ್ಟುಕೊಳ್ಳಬಹುದು.' ಬರೆದು, ಓದಿ, ರಬ್ಬರಿನಿಂದ ಉಜ್ಜಿ, ಪುಡಿಯನ್ನು ಊದಿ, ಮತ್ತೆ ಅದನ್ನೇ ಬರೆದ. ಅವಲಕ್ಕಿ ತಟ್ಟೆ ತಂದಿಟ್ಟ ನಿವೇದಿತಾ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು. "ಯಾಕ್ರೀ, ಮನ್ಯಾಗ ಪೆನ್ನು ಇಲ್ಲೇನು? ಸರಕಾರಿ ಫೈಲಿನಾಗ ಪೆನ್ಸಿಲ್‌ಲೇ ಬರಿಯೂದು ನಾ ಇದ ಮೊದಲ ನೋಡಾಕತ್ತೀನಿ." "ತಪ್ಪಿದ್ರ ಅಳಸಾಕ ಬರ್ತೈತಿ" ಅಂದ ಸಂಗಮೇಶ್. "ತಪ್ಪೈತೇನು ಮತ್ತ?" ಇಂಥ ಪ್ರಶ್ನೆ ಬಂದಾಗ ಬಾಯಿತುಂಬ ಅವಲಕ್ಕಿ ಇರುವುದು ಬಹಳ ಅನುಕೂಲ. ಅವನು ಅಗಿಯುತ್ತಾ ತಲೆಯಾಡಿಸಿದ. ಹೌದು ಎಂದೋ ಇಲ್ಲ ಎಂದೋ ಅವನಿಗೇ ತಿಳಿಯಲಿಲ್ಲ, ಅವಳಿಗಂತೂ ತಿಳಿಯುವ ಸಂಭವವೇ ಇರಲಿಲ್ಲ. ಅವಳು ಮಗಳ ಜಡೆ ಹಾಕಲು ಒಳಗೆ ಹೋದಳು.

ವಿಷಯ ದೊಡ್ಡದೇನಲ್ಲ ಎಂದು ಯಾರಾದರೂ ಹೇಳಿಯಾರು. ತುಮಕೂರು ರಸ್ತೆಯಲ್ಲಿ, ಟಿ. ದಾಸರಹಳ್ಳಿಯ ಹತ್ತಿರ, ರಸ್ತೆಯ ನಡುವೆ ಉದ್ದಕ್ಕೂ ಹಾಕಿದ ಕಲ್ಲುಕಟ್ಟೆಯಲ್ಲಿ ಎಂಟಡಿಯ ಒಂದು ಸಂದಿ ಇದೆ. ಈ ಕಡೆ ಊರು, ಆ ಕಡೆ ಪೀಣ್ಯದ ಕಾರ್ಖಾನೆಗಳು. ಊರಿನ ಬಾಡಿಗೆ ಮನೆಗಳಲ್ಲಿರುವ ಕೆಲಸಗಾರರೆಲ್ಲ ಆ ಸಂದಿಯಲ್ಲಿ ನುಗ್ಗಿ ದಾಟುತ್ತಾರೆ, ಲಾರಿಗಳಿಗೆ ಅಡ್ಡ ಸಿಗುತ್ತಾರೆ, ಕೆಲವರು ಸಾಯುತ್ತಾರೆ. ಸಂದಿಯನ್ನೇ ಮುಚ್ಚಿಬಿಟ್ಟರೆ ಸಾಯುವ ರಗಳೆಯೇ ಇರುವುದಿಲ್ಲ ಎಂದು ಸಂಗಮೇಶ್ ಎಂಜಿನಿಯರಾಗಿರುವ ರಸ್ತೆ ಇಲಾಖೆಗೆ ಹೊಳೆದಿದೆ. ಮುಚ್ಚಿದರೆ ಜಾಲಹಳ್ಳಿ ಕ್ರಾಸಿನ ತನಕ ನಡೆದು ಸುತ್ತಿ ಬರಬೇಕು, ಹಾಗೆ ಯಾರೂ ಸುತ್ತುವುದಿಲ್ಲ, ಕಟ್ಟೆ ಹತ್ತಿ ಹಾರುತ್ತಾರೆ, ಇನ್ನೂ ಕೆಟ್ಟದಾಗಿ ಸಾಯುತ್ತಾರೆ ಎಂಬುದು ಸಂಗಮೇಶನಿಗೆ ಗೊತ್ತು. ಮುಚ್ಚಬೇಕೋ, ಅಥವಾ ಪಟ್ಟೆ ಬಳಿದು ಸಿಗ್ನಲ್ ದೀಪ ನೆಡಬೇಕೋ ಎಂದು ತೀರ್ಮಾನಿಸಲು ದಿನಕ್ಕೆ ಎಷ್ಟು ಜನ ದಾಟುತ್ತಾರೆ ಎಂಬ ಲೆಕ್ಕ ಬೇಕು. ಲೆಕ್ಕ ಫೈಲಿನಲ್ಲಿದೆ. ತೊಂಬತ್ತಮೂರನೇ ಇಸವಿ, ಏಪ್ರಿಲ್ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ, ಐನೂರ ಎಂಬತ್ತಮೂರು ಜನ. ಕೆಳಗೆ ಸಂಗಮೇಶನ ಸಹಿ. ಐನೂರ ಎಂಬತ್ತಮೂರಕ್ಕೆ ಸಿಗ್ನಲ್ ಬರುವುದಿಲ್ಲ. "ಐದು ವರ್ಷ ಆಗಿದೆ ನಿಜ, ಬೇಕಾದ್ರೆ ಅರ್ಧದಷ್ಟು ಸೇರಿಸಿಕೊಳ್ಳಿ, ಆದ್ರೂ ಬರಲ್ಲ. ಮತ್ತೆ ಎಣಿಸೋಕೆಲ್ಲ ಟೈಮಿಲ್ಲ ಕಣ್ರೀ, ಒಂದು ಸಾಲು ಬರ್ದು ಸೈನ್ ಹಾಕಿ" ಎಂದಿದ್ದರು ಎಕ್ಸಿಕ್ಯೂಟಿವ್ ಎಂಜಿನಿಯರ್ ಗುರುರಾಜ್. ಇವತ್ತು ಹನ್ನೊಂದು ಗಂಟೆಗೆ ಅವರು ಜಾಗಕ್ಕೇ ಬರುತ್ತಾರೆ. ಅಷ್ಟರಲ್ಲಿ ಪೆನ್ಸಿಲ್ ಗೆರೆಯ ಮೇಲೆ ಪೆನ್ನು ಓಡಬೇಕು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಫೈಲಿದ್ದ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡ. ವಿಚಿತ್ರವೆಂದರೆ ಆ ಬುಧವಾರವನ್ನು ನೆನೆದರೆ ಅವನಿಗೆ ಮೊದಲು ಬರುವುದು ಸಂಕಟವಲ್ಲ, ಸುಖ. ಬೆಂಗಳೂರಿಗೆ ಬಂದು ಈ ಆರು ವರ್ಷದಲ್ಲಿ ಅಂಥ ದಿನ ಅವನಿಗೆ ಇನ್ನೊಂದು ಸಿಕ್ಕಿಲ್ಲ. ಮಗಳು ಸ್ಫೂರ್ತಿ ಜ್ವರ ಬಂದು ಮಲಗಿದಾಗಲೂ, ಊಟ ಬೇಡವೆಂದು ಹಟ ಹಿಡಿದಾಗಲೂ, "ಅಪ್ಪಾಜಿ, ಹುಣಸಿ ಬೀಜದ ಕತಿ ಹೇಳು" ಎಂದೇ ಕೇಳುವುದು. ಅವನು ಹೇಳುತ್ತಾನೆ. ಒಂದೂರಿನಾಗ ಒಂದು ದೊಡ್ಡ ರಸ್ತೆ ಇತ್ತು, ಎರಡೂ ಬದಿಗೆ ಹುಣಸಿ ಮರ, ಒಂದರ ಕೊಂಬಿ ಇನ್ನೊಂದರ ಕೊಂಬಿ ಮುಟ್ಟುತ್ತಿತ್ತು, ಕೆಳಗ ಹೋಗಾವ್ರಿಗೆ ಬಿಸಲ ಗೊತ್ತಾಗ್ತಿದ್ದಿಲ್ಲ. ಅಲ್ಲಿ ಹನುಮಂತಯ್ಯ ಅಂತ ಒಬ್ಬ ಅಜ್ಜ, ಅವಂಗ ಓದು ಬರಹ ಬರೂದಿಲ್ಲ, ಆದ್ರ ದಾಟೋ ಮಂದಿನ್ನ ಎಣಸಾವ ಅವನ! ಎಡಗಡೆ ಕಿಸೆದಾಗ ಹುಣಸಿ ಬೀಜ ತುಂಬಿಕೊಂಡು ಕುಂದರ್ತಿದ್ದ. ಒಬ್ಬರು ದಾಟಿದ್ರ ಒಂದು ಬೀಜ ಎಡದಿಂದ ಬಲಕ್ಕ. ತಾಸಿಗೊಮ್ಮೆ ಬಲಗಿಸೆ ಸುರವಿ ಎಣಸಿ ನೋಡಿದ್ರ, ಪೆನ್ಸಿಲ್ ಹಿಡಿದು ನಿಂತಾವ್ರ ಲೆಕ್ಕ ತಪ್ಪಿರ್ತಿತ್ತು, ಅಜ್ಜನ ಲೆಕ್ಕ ತಪ್ಪಿರ್ತಿರಲಿಲ್ಲ. ಇಷ್ಟು ಹೇಳುವಾಗ ಅವನ ದನಿಯಲ್ಲೇ ನೆರಳು ಬೀಳುತ್ತದೆ, ನಿವೇದಿತಾ ಸಹ ಸೌಟು ಹಿಡಿದು ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಕತೆಯಲ್ಲಿ ಅವನು ಒಂದು ಮಾತು ಬಿಟ್ಟುಬಿಡುತ್ತಾನೆ. ಇಷ್ಟು ಸಾರಿ ಬಿಟ್ಟು ಬಿಟ್ಟು, ಅದು ಇಲ್ಲದೆಯೂ ಕತೆ ಪೂರ್ತಿಯಾಗಿದೆ ಎಂಬಷ್ಟು ನುಣುಪಾಗಿದೆ.

ಬೆಂಗಳೂರಿಗೆ ಬಂದ ಹೊಸದರಲ್ಲಿ, ಆ ಎಣಿಕೆಗೂ ಒಂದು ತಿಂಗಳು ಮುಂಚೆ, ದಾಸರಹಳ್ಳಿಯ ರಸ್ತೆ ಅಳೆದು ಬನ್ನಿ ಎಂದು ಆಫೀಸಿನಲ್ಲಿ ಕಳಿಸಿದ್ದರು. ಅವನು ಹೆಬ್ಬಾಳದ ಕಡೆಯ ದಾಸರಹಳ್ಳಿಗೆ ಹೋಗಿ, ಅಳತೆಯ ಉಪಕರಣವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿಕೊಂಡು, ತುಮಕೂರು ರಸ್ತೆ ಎಲ್ಲಿ ಎಂದು ಮಧ್ಯಾಹ್ನದ ತನಕ ಹುಡುಕಿದ್ದ. ಬೆಂಗಳೂರಿನವರಿಗೆ ಅದರಷ್ಟು ದೊಡ್ಡ ತಮಾಷೆ ಆ ವರ್ಷ ಇನ್ನೊಂದು ಸಿಕ್ಕಿರಲಿಲ್ಲ. "ಸಂಗಮೇಶ್, ಟಾಯ್ಲೆಟ್‌ಗೆ ಹೊರಟ್ರಾ? ಯಾವ ಟಾಯ್ಲೆಟ್, ಹೆಬ್ಬಾಳದ್ದೋ ತುಮಕೂರ್ ರೋಡಿಂದೋ?" ಅವರು ಕೆಟ್ಟವರಲ್ಲ, ನಕ್ಕು ಬೆನ್ನು ತಟ್ಟಿ ಕಾಫಿ ಕೊಡಿಸುತ್ತಿದ್ದರು. ಆದರೆ ರಾಣೆಬೆನ್ನೂರಿನ ಮಾಸ್ತರ ಮಗನಿಗೆ ಆ ನಗು ಅಂಗಿಯೊಳಗೆ ಬಿದ್ದ ಗೋಧಿ ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು. ಅಂದಿನಿಂದ ಅವನು ಆಫೀಸಿನಲ್ಲಿ ತನ್ನ ಊರ ಮಾತನ್ನು ನುಂಗಿಕೊಂಡ. 'ಬರ್ತೈತಿ' ಹೋಗಿ 'ಬರುತ್ತೆ' ಆಯಿತು. ಯಾವುದನ್ನು ಮಾಡುವ ಮುಂಚೆಯೂ ಪುಸ್ತಕ ತೆಗೆದು ನೋಡುವ ಚಟ ಹತ್ತಿತು. ಎಣಿಕೆಯನ್ನು ಭಾನುವಾರ ಮಾಡಬಾರದು, ಸೋಮವಾರ ಶನಿವಾರ ಬೇಡ, ವಾರದ ನಡುವಿನ ಸಾಮಾನ್ಯ ಕೆಲಸದ ದಿನ ಮಾಡಬೇಕು ಎಂದು ಪುಸ್ತಕದಲ್ಲಿತ್ತು. ಬುಧವಾರಕ್ಕಿಂತ ನಡುವಿನ ದಿನ ಯಾವುದಿದೆ? ತನ್ನ ಆಯ್ಕೆಯನ್ನು ತಾನೇ ಮೆಚ್ಚಿಕೊಂಡಿದ್ದ.

"ದಾಸ್ರಳ್ಳಿ, ದಾಸ್ರಳ್ಳಿ, ಎಂಟನೇ ಮೈಲಿ!" ಕಂಡಕ್ಟರು ಕೂಗಿದ. ಸಂಗಮೇಶ್ ಇಳಿದು ನೋಡಿದರೆ ಇಳಿದದ್ದು ಕಾರ್ಖಾನೆಯ ಬದಿ, ಹೋಗಬೇಕಾದದ್ದು ಊರಿನ ಬದಿ. ಮರಗಳಿಲ್ಲ. ಒಂದೂ ಇಲ್ಲ. ಇದು ಅವನಿಗೆ ಗೊತ್ತಿದ್ದ ಸಂಗತಿಯೇ, ರಸ್ತೆ ಅಗಲಿಸುವಾಗ ಕಡಿಯಲು ಗುರುತು ಹಾಕಿದ ಪಟ್ಟಿಯಲ್ಲಿ ಅವನ ಸಹಿಯೂ ಇತ್ತು. ಆದರೂ ಕಣ್ಣು ತಾನಾಗಿ ಮೇಲೆ ಹೋಯಿತು, ಕೊಂಬೆ ಇದ್ದ ಕಡೆ ಕಾದ ಆಕಾಶ ಮಾತ್ರ ಇತ್ತು. ಎಷ್ಟು ತಂಪಾಗಿತ್ತು ಇಲ್ಲಿ! ಲಾರಿಯವರು ನಿಲ್ಲಿಸಿ ನೆರಳಲ್ಲಿ ಅಡುಗೆ ಮಾಡಿಕೊಳ್ಳುತ್ತಿದ್ದರು. ಈಗ ಲಾರಿಗಳು ನಿಲ್ಲುವುದಿಲ್ಲ. ಅವನು ಸಂದಿಯ ಎದುರಿಗೆ ಬಂದು ರಸ್ತೆಯಂಚಿನಲ್ಲಿ ನಿಂತು ಒಂದು ಹೆಜ್ಜೆ ಇಟ್ಟ, ಒಂದು ಟ್ಯಾಂಕರು ಕಿರುಚಿತು, ಹಿಂದೆ ಬಂದ. ಮತ್ತೊಂದು ಹೆಜ್ಜೆ, ಮತ್ತೆ ಹಿಂದೆ. ರಾಣೆಬೆನ್ನೂರಿನ ಪಿ.ಬಿ. ರೋಡಿನಲ್ಲಿ ಅಪ್ಪ ಸಿದ್ದರಾಮಪ್ಪ ಮಾಸ್ತರರ ಕಿರುಬೆರಳು ಹಿಡಿದು ದಾಟುತ್ತಿದ್ದ ಕಾಲ ನೆನಪಾಯಿತು. ಆ ಬೆರಳಿಗೆ ಸೀಮೆಸುಣ್ಣದ ವಾಸನೆ. "ರಸ್ತಿ ದಾಟೂದು ಕಾಲಿಂದಲ್ಲಪಾ ತಮ್ಮಾ, ಕುತಗಿಯಿಂದ. ಈ ಕಡೆ ಒಮ್ಮೆ, ಆ ಕಡೆ ಒಮ್ಮೆ, ಕುತಗಿ ತಿರುವಲಾರದಾವ ಉಳಿಯೂದಿಲ್ಲ." ಕುತ್ತಿಗೆ ತಿರುಗಿಸಿ ತಿರುಗಿಸಿ ಸಂಗಮೇಶನಿಗೆ ನೋವು ಬಂತು. ಕಾಲು ಗಂಟೆ ನಿಂತ. ಬುತ್ತಿ ಚೀಲ ಹಿಡಿದ ನಾಲ್ಕೈದು ಹೆಂಗಸರು ಬಂದರು, ಒಬ್ಬರ ಸೆರಗು ಒಬ್ಬರು ಹಿಡಿದು ಸಾಲಾದರು, ಮುಂದಿನವಳು ಕೈಯೆತ್ತಿದಳು. ಕೊನೆಯವಳು ಇವನ ಮಣಿಕಟ್ಟು ಹಿಡಿದೇಬಿಟ್ಟಳು. "ಬನ್ನಿ ಅಂಕಲ್, ನಿಂತ್ಕಂಡಿದ್ರೆ ಸಾಯಂಕಾಲ ಆಗೋಯ್ತದೆ." ಸಾರಿಗೆ ಸುರಕ್ಷತೆಯ ಎಂಜಿನಿಯರು ಹೀಗೆ ಮೇಯಲು ಹೋದ ಕರುವಿನಂತೆ ಎಳೆಸಿಕೊಂಡು ರಸ್ತೆ ದಾಟಿದ.

ರಾಮಮ್ಮನ ಟೀ ಅಂಗಡಿ ಇದ್ದಲ್ಲೇ ಇತ್ತು. ಮುಂಚೆ ಮರದ ಕೆಳಗೆ ಇದ್ದದ್ದು ಈಗ ತಗಡಿನ ಕೆಳಗೆ. ಇವನನ್ನು ಕಂಡದ್ದೇ ಅವಳ ಮುಖ ಅರಳಿತು. "ಅಯ್ಯೋ, ಎಣಿಸೋ ಸಾರು! ಏನ್ ಸಾ, ಇಷ್ಟ್ ದಿವ್ಸಕ್ಕೆ ದಾರಿ ತಪ್ಪಿ ಬಂದ್ರಾ? ಕೂದ್ಲೆಲ್ಲ ಬೆಳ್ಳಗಾಗೋಗದೆ! ಇಂಗೆ ಕೂತ್ಕಳಿ." ಅವಳು ಏಳಲಿಲ್ಲ. ಕುಳಿತಲ್ಲಿಂದಲೇ ಕೈಚಾಚಿ ಲೋಟ ತೆಗೆದಳು, ಕುಳಿತಲ್ಲಿಂದಲೇ ಹಾಲು ಬಗ್ಗಿಸಿದಳು. ಒಲೆಯ ಪಕ್ಕ ಗೋಡೆಗೆ ಒಂದು ಊರುಗೋಲು ಒರಗಿಸಿತ್ತು. ಅದು ಹನುಮಂತಯ್ಯನದಿರಬೇಕು ಎಂದುಕೊಂಡ. ಹನುಮಂತಯ್ಯ ರಾಮಮ್ಮನ ಗಂಡ, ಎಪ್ಪತ್ತರ ಹತ್ತಿರದವನು. ಪೀಣ್ಯದ ಯಾವುದೋ ಕಾರ್ಖಾನೆಯ ಬಾಯ್ಲರು ಇವತ್ತು ನಿಂತಿರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದವನು. ಈಗ ಅವನು ಅಂಗಡಿಯ ಹಿಂದಿನಿಂದ ಕೆಂಪು ಟವಲು ಕೊಡವುತ್ತಾ ನೆಟ್ಟಗೆ ನಡೆದೇ ಬಂದ. ಕೋಲು ಅವನದಲ್ಲ.

"ಸೊಂಟ ಓಯ್ತು ಸಾ" ಅಂದಳು ರಾಮಮ್ಮ, ಮಳೆ ಹೋಯಿತು ಎನ್ನುವಷ್ಟೇ ಹಗುರವಾಗಿ. "ಎಲ್ಡ್ ವರ್ಸ ಆಯ್ತು. ಆ ಕಡೆ ಗೇಟ್‌ಗೆ ಟೀ ಕೊಟ್ಬುಟ್ಟು ಖಾಲಿ ಕೆಟ್ಲಿ ತರ್ತಿದ್ದೆ. ಈ ಸಂದೀಲೇ. ಲಾರಿ ತಟ್ಕಂಡೋಯ್ತು. ಕೆಟ್ಲಿ ಮೇಲೆ ಚಕ್ರ ಅತ್ತಿ ಚಪಾತಿ ಆಗೋಗಿತ್ತು, ನಾನ್ ಉಳ್ಕಂಡೆ." ಹನುಮಂತಯ್ಯ ಹೇಳಿದ, "ಅವತ್ನಿಂದ ನಾನು ದಿನಾ ಸೈರನ್ ಒತ್ನಾಗೆ ಈ ಟವಲ್ ಇಡ್ಕಂಡು ನಡೂಮಧ್ಯ ನಿಂತ್ಕತೀನಿ ಸಾ. ಕೆಂಪು ಕಂಡ್ರೆ ಕೆಲವ್ರು ನಿಲ್ಲಿಸ್ತಾರೆ. ಕೆಲವ್ರು ಅಮ್ಮ ಅಕ್ಕ ಅಂತ ಬೈತಾರೆ. ಬೈದ್ರೆ ಬೈಕಳ್ಳಿ, ನಿಲ್ಲಿಸಿದ್ರೆ ಸಾಕು." ಸಂಗಮೇಶನ ಕೈಯಲ್ಲಿದ್ದ ಲೋಟ ಸುಡುತ್ತಿತ್ತು, ಕೆಳಗಿಡಲು ಮರೆತ. ರಾಮಮ್ಮ ಅವನ ಮುಖ ನೋಡಿ ಮರುಗಿದಳು. "ನೀವ್ಯಾಕ್ ಅಂಗ್ ಆಗ್ತೀರಿ ಸಾ? ನೀವ್ ಬಂದು ಬಿಸ್ಲಲ್ಲಿ ಕೂತು ಎಣಿಸ್ಕಂಡೋದ್ರಿ. ಸರ್ಕಾರ ಸಿಗ್ನಲ್ ಕೊಡ್ಲಿಲ್ಲ. ನೀವ್ ಏನ್ ಮಾಡಕಾಯ್ತದೆ? ನಾನ್ ಎಲ್ರಿಗೂ ಅದೇ ಯೋಳದು, ಆ ಸಾರ್ ಒಬ್ರು ನಮ್ ತಾವ ಬಂದು ಕಷ್ಟ ಪಟ್ರು ಅಂತ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಬಿಸಿಲೆಲ್ಲಿತ್ತು ಅವತ್ತು? ಹುಣಸೆಯ ನೆರಳಿನಲ್ಲಿ, ಹನುಮಂತಯ್ಯ ಹಾಸಿಕೊಟ್ಟ ಗೋಣಿಚೀಲದ ಮೇಲೆ, ಕಾಲು ಚಾಚಿ ಕುಳಿತಿದ್ದ. ಬೆಳಿಗ್ಗೆ ಆರಕ್ಕೆ ಬಂದಾಗ ರಸ್ತೆ ಖಾಲಿ ಇತ್ತು, ಇಷ್ಟು ಬೇಗ ಯಾರು ಬರುತ್ತಾರೆ ಎಂದುಕೊಂಡ. ಏಳಾಯಿತು, ಆಗಲೂ ಖಾಲಿ. ಇಬ್ಬರು ಹುಡುಗಿಯರು ರಸ್ತೆಯ ಮಧ್ಯದ ಟಾರಿನ ಮೇಲೆ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಮನೆ ಬರೆದು ಆಡಿದರು, ಗಾಡಿ ಬಂದಾಗ ಸರಿದು, ಹೋದ ಮೇಲೆ ಮತ್ತೆ ಆಡಿದರು. ಯಾವುದೋ ವಠಾರದಿಂದ ರೇಡಿಯೋ ಕೇಳುತ್ತಿತ್ತು. ಎಣ್ಣೆ ಸ್ನಾನ ಮಾಡಿದ ಗಂಡಸರು ಲುಂಗಿ ಉಟ್ಟು, ತಲೆ ಒಣಗಿಸಿಕೊಳ್ಳುತ್ತಾ ಟೀಗೆ ಬಂದರು, ವಾರದ ನಡುವೆ ಎಣ್ಣೆ ಸ್ನಾನವೇ ಎಂದು ಅವನಿಗೆ ಅನ್ನಿಸಿದ್ದು ಹೌದು. ಹನುಮಂತಯ್ಯ ಬೀಜ ಸರಿಸಲು ಕೆಲಸವಿಲ್ಲದೆ ಕತೆ ಹೇಳಿದ. ಯಾವ ಮರದ ಹುಣಸೆ ಸಿಹಿ, ಯಾವ ಮರದಲ್ಲಿ ದೆವ್ವ, ತನ್ನ ಹೊಲದಲ್ಲಿ ರಾಗಿ ತೆನೆ ಎಷ್ಟೆತ್ತರ ಬರುತ್ತಿತ್ತು. ಕೇಳುತ್ತಾ ಸಂಗಮೇಶನಿಗೆ ರಾಣೆಬೆನ್ನೂರು ನೆನಪಾಯಿತು, ಅಪ್ಪ ನೆನಪಾದರು, ಬೆಂಗಳೂರು ಅಷ್ಟೇನೂ ಕೆಟ್ಟ ಊರಲ್ಲ ಅನ್ನಿಸಿತು. ಎಂಟೂವರೆ ಆಯಿತು. ರಾಮಮ್ಮ ಎರಡನೇ ಟೀ ಕೊಡಲು ಬಂದವಳು ಕೇಳಿದಳು, "ಅಲ್ಲ ಸಾ, ಇವತ್ತು ಬುಧ್ವಾರ ಅಲ್ವಾ? ಪ್ಯಾಕ್ಟ್ರಿಗೆಲ್ಲ ರಜ. ಕರೆಂಟ್ ಇಲ್ಲಾಂತ ಈ ವರ್ಸ ಬುಧ್ವಾರ ರಜ ಕೊಟ್ಟವ್ರೆ, ಭಾನ್ವಾರ ಕೆಲ್ಸ. ಸೈರನ್ನೇ ಆಗ್ಲಿಲ್ಲ ನೋಡಿ. ಇವತ್ ಯಾರನ್ನ ಎಣಿಸ್ತೀರಿ?"

ಇದೇ, ಕತೆಯಲ್ಲಿ ಅವನು ಬಿಟ್ಟುಬಿಡುವ ಮಾತು. ಆಗ ಅವನಿಗೆ ಕಂಡದ್ದು ರಸ್ತೆಯಲ್ಲ, ದಾಟುವವರಲ್ಲ, ಆಫೀಸು. ಮೇಜಿನ ಸುತ್ತ ನಿಂತ ನಗುವ ಮುಖಗಳು. 'ಈ ಸಲ ಊರು ಸರಿಯಾಗಿತ್ತು ಕಣ್ರೋ, ವಾರ ತಪ್ಪಿತ್ತು!' ಅವನು ಟೀ ಹೀರಿದ. ಕೇಳಿಸದವನಂತೆ ದೂರದ ಬಸ್ಸೊಂದನ್ನು ನೋಡಿದ. "ಸಕ್ಕರೆ ಸ್ವಲ್ಪ ಜಾಸ್ತಿ ಆಯ್ತಮ್ಮ" ಅಂದ. ಸಂಜೆ ಆರಕ್ಕೆ ಪೆನ್ಸಿಲ್ ಹಿಡಿದು ನಿಂತಿದ್ದ ಆಫೀಸಿನ ಹುಡುಗರ ಲೆಕ್ಕವನ್ನೆಲ್ಲ ಕೂಡಿದ, ಐನೂರ ಎಂಬತ್ತಮೂರು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಹಾಳೆಯ ತಲೆಯಲ್ಲಿ 'ದಿನದ ಸ್ವರೂಪ' ಎಂಬ ಒಂದು ಖಾನೆ ಇತ್ತು. ಅಲ್ಲಿ 'ಸಾಮಾನ್ಯ ಕೆಲಸದ ದಿನ' ಎಂದು ಬರೆದ. ಇಡೀ ಫೈಲಿನಲ್ಲಿ ಸುಳ್ಳು ಇಷ್ಟೇ. ಮಾರನೆಯ ದಿನ ಗುರುವಾರ, ತುಮಕೂರಿಗೆ ಹೋಗುವ ಕೆಲಸ ಬಿತ್ತು. ಎಂಟು ಗಂಟೆಗೆ ಬಸ್ಸು ಇದೇ ಜಾಗದಲ್ಲಿ ನಿಂತಿತು, ಮುಂದೆ ಹೋಗಲಾಗಲಿಲ್ಲ. ಸೈರನ್ನುಗಳು ಒಂದರ ಮೇಲೊಂದು ಕೂಗುತ್ತಿದ್ದವು, ಹುಣಸೆ ಮರಗಳ ಕೆಳಗೆ ಜನ ತುಂಬಿ ಹರಿಯುತ್ತಿದ್ದರು, ಸಾವಿರವೋ ಎರಡು ಸಾವಿರವೋ, ಓಡುತ್ತಿದ್ದರು, ನಡುವೆ ಎಲ್ಲೋ ರಾಮಮ್ಮನ ಕೆಟ್ಟಲಿ ಹೊಳೆದ ಹಾಗಾಯಿತು. ಸಂಗಮೇಶ್ ಕುತ್ತಿಗೆ ತಿರುಗಿಸಿ ಇನ್ನೊಂದು ಬದಿಯ ಕಿಟಕಿಯಿಂದ ಹೊರಗೆ ನೋಡಿದ. ಆ ಕಡೆ ನೋಡಲು ಏನೂ ಇರಲಿಲ್ಲ, ಒಂದು ಕಾಂಪೌಂಡು ಗೋಡೆ. ಬಸ್ಸು ಹೊರಡುವ ತನಕ ಆ ಗೋಡೆಯನ್ನೇ ನೋಡಿದ. ಅವನ ಸುಖದ ದಿನಕ್ಕೂ ಅವನ ಸುಳ್ಳಿಗೂ ಕಾರಣ ಒಂದೇ ಆಗಿತ್ತು, ರಸ್ತೆ ಖಾಲಿ ಇತ್ತು. ಇದು ಗೊತ್ತಿದ್ದೂ ಆ ದಿನವನ್ನು ಮಗಳಿಗೆ ಕತೆ ಮಾಡಿ ಉಣಿಸಿದನಲ್ಲ, ಥೂ, ಎಂದು ಈಗ ಅನ್ನಿಸಿತು.

ಹನ್ನೊಂದಕ್ಕೆ ಬರಬೇಕಾದ ಜೀಪು ಹನ್ನೊಂದೂ ಮುಕ್ಕಾಲಿಗೆ ಬಂತು. ಗುರುರಾಜ್ ಇಳಿದರು, ಜೊತೆಗೆ ಸಂಚಾರ ಠಾಣೆಯ ಇನ್‌ಸ್ಪೆಕ್ಟರು. ಹನುಮಂತಯ್ಯ ಬೆಂಚು ಒರೆಸಿ ದೂರ ನಿಂತ. ಇಬ್ಬರೂ ಕೂರದೆ ತಗಡಿನ ನೆರಳಿನಲ್ಲಿ ನಿಂತು ಸಂದಿಯನ್ನು ನೋಡಿದರು. ಆ ಹೊತ್ತಿನಲ್ಲಿ ದಾಟುವವರು ಒಬ್ಬಿಬ್ಬರಷ್ಟೇ. "ಮುಚ್ಚಿಬಿಡಿ ಸಾರ್" ಅಂದರು ಇನ್‌ಸ್ಪೆಕ್ಟರು, "ದಿನಾ ತಲೆನೋವು. ಆ ಮುದುಕ ಬೇರೆ ಟವಲ್ ಆಡಿಸ್ಕೊಂಡು ನಿಂತಿರ್ತಾನೆ." ರಾಮಮ್ಮ ಎಲ್ಲರಿಗೂ ಟೀ ಬಗ್ಗಿಸಿದಳು. ಗುರುರಾಜ್ ಲೋಟ ತೆಗೆದುಕೊಂಡು, "ಸಂಗಮೇಶ್, ನೋಟ್ ರೆಡಿ ಇದೆ ತಾನೆ? ಕೊಡಿ, ಇಲ್ಲೇ ನಾನೂ ಸೈನ್ ಹಾಕ್ತೀನಿ, ನಾಳೆಯಿಂದ ಕಲ್ಲು ಹಾಕಿಸೋಣ" ಅಂದರು. ಸಂಗಮೇಶ್ ಫೈಲು ತೆಗೆದ. ಪೆನ್ನೂ ತೆಗೆದ. ಪೆನ್ಸಿಲ್ ಸಾಲಿನ ಮೊದಲ ಅಕ್ಷರದ ಮೇಲೆ ಪೆನ್ನಿನ ಮೂತಿ ಊರಿದ, ಒಂದು ಚುಕ್ಕೆ ಮೂಡಿತು, ಚುಕ್ಕೆ ದೊಡ್ಡದಾಗುತ್ತಾ ಹೋಯಿತು. ಐದು ವರ್ಷದಿಂದ ನುಂಗಿಕೊಂಡಿದ್ದ ಮಾತು ಅವನನ್ನು ಕೇಳದೆ ಹೊರಗೆ ಬಂತು. "ಆ ಎಣಿಕಿ ತಗೊಳ್ಳಾಕ ಬರೂದಿಲ್ರೀ ಸರ್."

"ಏನು?" ಗುರುರಾಜರಿಗೆ ಮಾತು ಅರ್ಥವಾಗಲು ಒಂದು ಕ್ಷಣ ಬೇಕಾಯಿತು. "ಅವತ್ತ ರಜಾ ಇತ್ರೀ. ಪೀಣ್ಯಕ್ಕ ಆ ವರ್ಷ ಕರೆಂಟ್ ಸಾಲೂದಿಲ್ಲಂತ ಬುಧವಾರ ರಜಾ ಕೊಟ್ಟಿದ್ರು. ಒಂದ ಫ್ಯಾಕ್ಟರಿ ತೆಗದಿದ್ದಿಲ್ಲ. ನಾ ಖಾಲಿ ರಸ್ತಿ ಎಣಿಸೀನ್ರೀ." ಇನ್‌ಸ್ಪೆಕ್ಟರು ಕಿಸಕ್ಕನೆ ನಕ್ಕರು. ಐದು ವರ್ಷ ಅವನು ಹೆದರಿದ್ದ ನಗು ಇಷ್ಟೇ, ಒಂದು ಕೆಮ್ಮಿನಷ್ಟು ಉದ್ದ. ಗುರುರಾಜ್ ನಗಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು, ಕೈಕೆಳಗಿನವನು ಹಳ್ಳಕ್ಕೆ ಬಿದ್ದರೆ ಹಗ್ಗ ಬಿಡುವವರೇ. ದನಿ ತಗ್ಗಿಸಿ ಹೇಳಿದರು, "ಸರಿ, ಹೊರಗಿಂದ ಬಂದವ್ರು, ನಿಮಗೆ ಗೊತ್ತಿರ್ಲಿಲ್ಲ. ಆಗುತ್ತೆ. ಈಗ ವಿಚಾರಿಸಿದಾಗ ಗೊತ್ತಾಯ್ತು ಅಂತ ಬರ್ದುಬಿಡಿ. ಯಾರೂ ಏನೂ ಕೇಳಲ್ಲ. ಮತ್ತೆ ಎಣಿಸೋಣ."

ಎಷ್ಟು ಸುಲಭದ ಹಗ್ಗ! ಹಿಡಿದರೆ ಸಂದಿಯೂ ಉಳಿಯುತ್ತದೆ, ಅವನೂ ಉಳಿಯುತ್ತಾನೆ. ಎರಡು ಮಾರು ದೂರದಲ್ಲಿ ರಾಮಮ್ಮ ಕುಳಿತಿದ್ದಳು, ಸೌಟನ್ನು ಹಾಲಿನ ಮೇಲೆ ಎತ್ತಿ ಹಿಡಿದು. ಅವಳು ಅವನನ್ನೇ ನೋಡುತ್ತಿದ್ದಳು. ಆ ಕಣ್ಣಲ್ಲಿ ಸಂಶಯವಿರಲಿಲ್ಲ, ಅದೇ ಕಷ್ಟ. ನಮ್ ತಾವ ಬಂದು ಕಷ್ಟಪಟ್ಟ ಸಾರನ್ನು ನೋಡುವ ನೋಟ ಅದು. ಹೂಂ ಎಂದರೆ ಅವಳ ಕಣ್ಣಲ್ಲಿ ಅವನು ಹಾಗೇ ಉಳಿಯುತ್ತಿದ್ದ, ಇನ್ನೈದು ವರ್ಷ ಬೇಕಾದರೂ ಇಲ್ಲಿ ಬಂದು ಟೀ ಕುಡಿಯಬಹುದಿತ್ತು, ಹುಣಸೆ ಮರಗಳ ಮಾತಾಡಬಹುದಿತ್ತು. ಆ ದಿನ ಅವನದಾಗಿಯೇ ಇರುತ್ತಿತ್ತು. ಅದನ್ನು ಬಿಟ್ಟುಕೊಡಲು ಅವನಿಗೆ ನೌಕರಿ ಬಿಡುವುದಕ್ಕಿಂತ ಸಂಕಟವಾಯಿತು. "ಇಲ್ರೀ ಸರ್" ಅಂದ. "ಅವತ್ತ ಗೊತ್ತಾಗಿತ್ತು. ಮುಂಜಾನೆ ಎಂಟೂವರಿಗೆ. ಗೊತ್ತಿದ್ದೂ 'ಸಾಮಾನ್ಯ ದಿನ' ಅಂತ ಬರದೀನಿ."

ಗುರುರಾಜ್ ಲೋಟವನ್ನು ಬೆಂಚಿನ ಮೇಲೆ ಇಟ್ಟರು. "ಏನ್ ಮನುಷ್ಯ ರೀ ನೀವು" ಅಂದರು, ಬೈಗುಳವೋ ಆಶ್ಚರ್ಯವೋ. "ಹಾಗೇ ಬರ್ದು ಕೊಡಿ. ಎನ್‌ಕ್ವೈರಿ ಆದ್ರೆ ನಾನು ತಡೆಯೋಕಾಗಲ್ಲ, ಗೊತ್ತಿರ್ಲಿ." ಬರೆದುಕೊಟ್ಟ, ಪೆನ್ನಿನಲ್ಲಿ, ನಿಂತೇ. ಅವರು ಓದಿ, ಮಡಿಸಿ, ಜೇಬಿಗಿಟ್ಟುಕೊಂಡು, "ಇವತ್ತೂ ಬುಧವಾರವೇ ತಾನೆ? ಈಗಿಂದಲೇ ಕೂತ್ಕೊಳ್ಳಿ. ನಾಳೆ ಹುಡುಗರನ್ನ ಕಳಿಸ್ತೀನಿ, ಪೂರ್ತಿ ದಿನ ಎಣಿಸಿ. ಮುಚ್ಚೋ ವಿಷಯ ಆಮೇಲೆ" ಎಂದು ಜೀಪು ಹತ್ತಿದರು. ಜೀಪು ಹೋಯಿತು. ಸಂಗಮೇಶ್ ಬೆಂಚಿನ ಮೇಲೆ ಕುಳಿತ.

"ಸಾ" ಅಂದಳು ರಾಮಮ್ಮ. ಅವನು ತಿರುಗಿದ. "ನಾನ್ ಅವತ್ ಯೋಳ್ದಾಗ ನಿಮ್ಗೆ ಕೇಳ್ಸಿತ್ತಾ?"

ಅವಳು ಇಷ್ಟು ದಿನ ಏನೆಂದುಕೊಂಡಿದ್ದಳು? ಲಾರಿಯ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ ಎಂದುಕೊಂಡಿದ್ದಳೇ? ಅವತ್ತು ಲಾರಿಯೇ ಇರಲಿಲ್ಲವಲ್ಲ. "ಕೇಳಿಸಿತ್ತಮ್ಮ" ಅಂದ.

ರಾಮಮ್ಮ ತಲೆಯಾಡಿಸಿದಳು, ಲೆಕ್ಕ ತಾಳೆಯಾದವಳ ಹಾಗೆ. ಸೌಟನ್ನು ಪಾತ್ರೆಯೊಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಗೋಡೆ ಹಿಡಿದು ಎದ್ದು, ಕೋಲು ತೆಗೆದುಕೊಂಡಳು. ಆ ಕಡೆಯ ಗೇಟಿನವರಿಗೆ ಊಟದ ಹೊತ್ತಿನ ಟೀ ಹೋಗಬೇಕಿತ್ತು. ಒಂದು ಕೈಯಲ್ಲಿ ಹೊಸ ಕೆಟ್ಟಲಿ, ಒಂದು ಕೈಯಲ್ಲಿ ಕೋಲು. ಸಂಗಮೇಶ್ ಧಡಕ್ಕನೆ ಎದ್ದು ಕೈ ಚಾಚಿದ. "ಕೊಡಮ್ಮ, ನಾನು ದಾಟಿಸ್ತೀನಿ." ಅವಳು ಆ ಕೈಯನ್ನು ನೋಡಿದಳು. "ಬ್ಯಾಡ ಸಾ" ಅಂದಳು, ಮರ್ಯಾದೆ ಎಳ್ಳಷ್ಟೂ ತಪ್ಪದೆ. "ನೀವ್ ಎಣಿಸಿ."

ಹನುಮಂತಯ್ಯ ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದು, ಬೆಂಚಿನ ಮೇಲೆ ಸುರುವಿದ. ಹುಣಸೆ ಬೀಜ, ಐದು ವರ್ಷದ್ದು, ಹೊಳಪು ಹೋಗಿರಲಿಲ್ಲ. ಇವನ ಮುಖ ನೋಡದೆ ಟವಲು ಹೆಗಲಿಗೆ ಹಾಕಿಕೊಂಡು ಹೆಂಡತಿಯ ಹಿಂದೆ ಹೋದ. ರಾಮಮ್ಮ ರಸ್ತೆಯಂಚಿನಲ್ಲಿ ನಿಂತು ಕುತ್ತಿಗೆ ತಿರುಗಿಸಿ ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ನೋಡಿದಳು. ಇಳಿದಳು. ಸಂಗಮೇಶ್ ಎಡಗಿಸೆಯಲ್ಲಿ ಬೀಜ ತುಂಬಿಕೊಂಡು ನಿಂತಿದ್ದ, ಬೆರಳುಗಳ ನಡುವೆ ಒಂದನ್ನು ಹಿಡಿದು. ಸಂದಿಯ ತನಕ ಹೋದಳು, ಹನುಮಂತಯ್ಯ ಟವಲು ಹಿಡಿದು ಅಲ್ಲೇ ನಡುವೆ ನಿಂತ. ಒಂದು ಲಾರಿ ಹೋಗಲು ಬಿಟ್ಟು ಕಾದಳು, ಮತ್ತೆ ನಡೆದಳು. ಆ ದಡ ಮುಟ್ಟಿ ಕೋಲೂರಿದಾಗ ಅವನು ಬೀಜವನ್ನು ಬಲಗಿಸೆಗೆ ಹಾಕಿದ. ಒಂದು.

ಆಗ ಸೈರನ್ ಆಯಿತು.